ಕಿಟಕಿ ಬೆಳಕಿನ ಪಾಠ

ಅಪ್ಪಾಸಾಹೇಬನ ಬಾಯಿ ಕೆಟ್ಟದ್ದು ಎಂಬುದು ಪುಣೆಯ ಧನಕವಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನು "ಮದಲ ಮಾರಿ ತೊಳಕೊಂಡ ಬರ್ರಿ" ಎಂದು ವಾಪಸ್ಸು ಕಳಿಸುತ್ತಿದ್ದ ಮನುಷ್ಯ. ಒಂದು ಮದುವೆಯಲ್ಲಿ ವರನ ಅಪ್ಪನಿಗೇ "ನಿಮ್ಮ ಹೊಟ್ಟಿ ಮುಂದ ಬರ್ತದ, ಹಿಂದ ಸರೀರಿ" ಎಂದಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ಅದಕ್ಕೆ ಜನ ಸಹಿಸಿದರು. ಆಮೇಲೆ ಎಲ್ಲರ ಕೈಗೂ ಡಿಜಿಟಲ್ ಕ್ಯಾಮೆರಾ ಬಂತು, ಫೋನಿನೊಳಗೂ ಕ್ಯಾಮೆರಾ ಬಂತು. ಅವನನ್ನು ಸಹಿಸುವ ಗರಜು ಯಾರಿಗೂ ಉಳಿಯಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಹೊತ್ತಿಗೆ ಅವನ ಸ್ಟುಡಿಯೋದ ಶಟರು ಅರ್ಧ ಮಾತ್ರ ಏಳುತ್ತಿತ್ತು. ಹಿಂದಿನ ಕೋಣೆಯೇ ಮನೆ. ಹೆಂಡತಿ ಶಿವಗಂಗವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಅಥಣಿ ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆ ಮುಗಿಸಿ, ಪುಣೆಗೆ ಬಂದು, ಕಂಡವರ ಸ್ಟುಡಿಯೋದಲ್ಲಿ ಕತ್ತಲೆ ಕೋಣೆ ಗುಡಿಸಿ ಕೆಲಸ ಕಲಿತವನು. ಊರಿಗೂ ಪುಣೆಗೂ ನಡುವೆ ಇದ್ದ ದಾರಿ ಶಿವಗಂಗವ್ವನೇ. ಅವಳು ಹೋದ ಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ, ಇವನೂ ಹೋಗಲಿಲ್ಲ. ಬೆಳಿಗ್ಗೆ ಹಾಲಿನವನಿಗೆ ಒಂದು ಮಾತು ಬೈದರೆ ಆ ದಿನದ ಮಾತು ಮುಗಿಯಿತು. ಕೆಲವು ಸಲ ಸಂಜೆ ಯಾರಾದರೂ ಗಿರಾಕಿ ಬಂದು ಏನೋ ಕೇಳಿದರೆ ಗಂಟಲಿನಿಂದ ದನಿ ಬರುವುದಕ್ಕೆ ಮೊದಲು ಒಂದು ಸಲ ಕೆಮ್ಮಬೇಕಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವನು ಪ್ರಜ್ವಲ. ಸಾತಾರಾ ರಸ್ತೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರ ಮಗ. ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಮನಸ್ಸಿಲ್ಲದೆ, ಹೋಟೆಲಿನ ಮಹಡಿಯಲ್ಲಿ ಕಂಪ್ಯೂಟರು ಹಾಕಿಕೊಂಡು, ಹೊರ ಊರಿನ ಕನ್ನಡಿಗರಿಗೆ ಕನ್ನಡದಲ್ಲೇ ಏನೇನೋ ಕಲಿಸುವ ವೆಬ್‌ಸೈಟು ಶುರು ಮಾಡಿದ್ದ. ಅಡುಗೆಗೆ ಒಬ್ಬರು, ಹಾರ್ಮೋನಿಯಂಗೆ ಒಬ್ಬರು ಸಿಕ್ಕಿದ್ದರು. ಫೋಟೋಗ್ರಫಿಗೆ ಯಾರೂ ಸಿಕ್ಕಿರಲಿಲ್ಲ.

"ನನಗ ಇಂಗ್ಲಿಷ್ ಬರಂಗಿಲ್ಲ. ಪಾಠಾ ಮಾಡಿ ಗೊತ್ತಿಲ್ಲ."

"ಪಾಠ ಎಂಥದ್ದೂ ಬೇಡ ಮಾರಾಯ್ರೆ. ಅವರು ಫೋಟೋ ಕಳಿಸ್ತಾರೆ. ನೀವು ನೋಡಿ ತಪ್ಪು ಹೇಳಿದ್ರೆ ಆಯ್ತು."

"ತಪ್ಪ ಹೇಳೂದಕ್ಕ ರೊಕ್ಕಾ ಕೊಡ್ತಾರೇನೋ ಮಂದಿ?"

"ಕೊಡ್ತಾರೆ."

"ಹಂಗಿದ್ರ ಇಷ್ಟ ವರ್ಷ ಪುಕ್ಕಟೆ ಹೇಳಿ ಕೆಟ್ಟೆ ನಾನು."

ಪ್ರಜ್ವಲ ಸ್ಟುಡಿಯೋದಲ್ಲಿದ್ದ ಹಳೆಯ ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡು ಎಳೆಸಿಕೊಟ್ಟ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ತಂದುಕೊಟ್ಟ, ಪುಟ್ಟ ವೆಬ್‌ಕ್ಯಾಮು ಸಿಗಿಸಿದ. ರವಿವಾರ ಸಂಜೆ ಒಂದು ತಾಸು ಕ್ಲಾಸು. ತೆರೆಯ ಮೇಲೆ ಒಂದು ಫೋಟೋ ನಿಲ್ಲುತ್ತದೆ. ಎಲ್ಲರೂ ಅದನ್ನೇ ನೋಡುತ್ತಾರೆ, ಎಲ್ಲರ ದನಿಯೂ ಕೇಳುತ್ತದೆ, ಬಂದವರ ಹೆಸರು ಬದಿಯಲ್ಲಿ ಕಾಣುತ್ತದೆ. ಪ್ರಜ್ವಲನೇ ಕಟ್ಟಿದ ಒಂದು ಕರಾಮತ್ತು ಅದರಲ್ಲಿತ್ತು: ಫೋಟೋದಲ್ಲಿ ತಪ್ಪು ಕಂಡವರು ಆ ಜಾಗದ ಮೇಲೆ ಮೌಸು ಒತ್ತಿದರೆ ಅಲ್ಲೊಂದು ಕೆಂಪು ಚುಕ್ಕೆ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಯಾರ ಚುಕ್ಕೆ ಯಾಕೆ ಬಿತ್ತು ಎಂದು ಆಮೇಲೆ ವಾದ.

ಮೊದಮೊದಲು ಅಪ್ಪಾಸಾಹೇಬ ಹೆಡ್‌ಫೋನು ಹಾಕಿಕೊಂಡು ಫರ್ಲಾಂಗು ದೂರಕ್ಕೆ ಕೇಳುವಂತೆ ಕೂಗುತ್ತಿದ್ದ. ಆದರೆ ಕಲಿಸುವುದು ಅವನಿಗೆ ಬಂತು. ಹಳ್ಳಿ ಶಾಲೆಯ ಮಾಸ್ತರರು ಬಯಲಲ್ಲಿ ಕೂರಿಸಿ ಹೇಳಿದ ಹಾಗೆ ಹೇಳಿದ. "ಕ್ಯಾಮೆರಾಕ್ಕ ಬೆಳಕ ಬಿಡೂದು ಅಂದ್ರ ಹೊಲಕ್ಕ ನೀರ ಬಿಟ್ಟಂಗ್ರಿ. ಪೈಪ ದಪ್ಪಿದ್ರ ಸ್ವಲ್ಪ ಹೊತ್ತ ಸಾಕು. ಸಣ್ಣದಿದ್ರ ಭಾಳ ಹೊತ್ತ ಬಿಡಬೇಕು. ಆ ಪೈಪಿನ ದಪ್ಪಕ್ಕ ಅಪರ್ಚರ್ ಅಂತಾರ, ಬಿಟ್ಟ ಹೊತ್ತಿಗೆ ಶಟರ್ ಅಂತಾರ. ಇಷ್ಟಽ ಇದು. ಇದಕ್ಕ ಒಂದ ದಪ್ಪನ ಪುಸ್ತಕ ಯಾಕ ಬರೀತಾರೋ ನನಗ ತಿಳಿದಿಲ್ಲ."

ಹೊಗಳುವುದು ಮಾತ್ರ ಬರಲಿಲ್ಲ. ಒಬ್ಬಾತ ಸೂರ್ಯಾಸ್ತದ ಫೋಟೋ ಹಾಕಿದಾಗ "ಇದು ಸೂರ್ಯಾನೋ, ಹೊಡೆದ ತತ್ತಿಯೋ" ಎಂದ. ಆತ ಮರುವಾರ ಬರಲಿಲ್ಲ. ಬಸ್ಸಿನಲ್ಲಿ ಕೈ ನಡುಗಿ ಫೋಟೋ ಕೆಟ್ಟಿತು ಎಂದವಳಿಗೆ "ನೆಪ ಫೋಟೋದಾಗ ಕಾಣಂಗಿಲ್ರಿ ಬಾಯಾರ" ಎಂದ. ಅವಳೂ ಹೋದಳು. ಉಳಿದವರು ಕೆಲವೇ ಮಂದಿ, ಅವರಲ್ಲಿ ಬಾಯಿ ಬಿಡುವವರು ಮೂವರು. ಡೊಂಬಿವಲಿಯ ಚಿತ್ರಾ, ಬಾಲ್ಕನಿಯ ತುಳಸಿ ಕುಂಡವನ್ನು ಬಿಟ್ಟು ಬೇರೇನೂ ತೆಗೆಯದವಳು. ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಮಾಂತು, ಇಂಡಿ ಕಡೆಯವನು. ವಾರದ ರಜೆಗೆ ಸೈಬರ್ ಕೆಫೆಯಲ್ಲಿ ಕೂತು ಕ್ಲಾಸಿಗೆ ಬರುತ್ತಿದ್ದ, ಅವನ ಹಿಂದೆ ಯಾವಾಗಲೂ ಹುಡುಗರು ಗೇಮು ಆಡುವ ಗುಂಡಿನ ಸದ್ದು. ಮತ್ತೆ ಶೈಲಶ್ರೀ, ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುವವಳು. ಅವಳು ಇವನ ಮಾತಿಗೆ ಮಾತು ಕೊಡುತ್ತಿದ್ದಳು.

"ಹಾರಿಜಾನ್ ಸೊಟ್ಟ ಅದ."

"ಬೇಕೂಂತ್ಲೇ ಸೊಟ್ಟ ಇಟ್ಟಿದ್ದೀನಿ ಸರ್."

"ಬೇಕಂತ ಎಡವಿದ್ರೂ ಕಾಲಾ ಮುರೀತದರಿ."

"ಮುರಿದ ಕಾಲು ನಂದಲ್ವಾ? ನಿಮಗ್ಯಾಕೆ ನೋವು?"

ಮಾಂತು ಆ ಕಡೆಯಿಂದ ಕಿಸಕ್ಕನೆ ನಗುತ್ತಿದ್ದ. ಅಪ್ಪಾಸಾಹೇಬ ಸಿಟ್ಟಿನಲ್ಲಿ ಹೆಡ್‌ಫೋನು ಕಿತ್ತಿಡುತ್ತಿದ್ದ, ಮತ್ತೆ ಹಾಕಿಕೊಳ್ಳುತ್ತಿದ್ದ. ಸೋಮವಾರ ಒಲೆಯ ಮುಂದೆ ಕೂತು ಅವಳಿಗೆ ಏನು ಉತ್ತರ ಕೊಡಬೇಕಿತ್ತು ಎಂದು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದ. ಗುರುವಾರದಿಂದಲೇ ಮುಂದಿನ ಪಾಠದ ಯೋಚನೆ. ರವಿವಾರ ಇಸ್ತ್ರಿ ಅಂಗಿ. ಯಾರಾದರೂ ಕೇಳಿದ್ದರೆ ಒಪ್ಪುತ್ತಿರಲಿಲ್ಲ, ಆದರೆ ವಾರದ ಉಳಿದ ದಿನಗಳನ್ನು ಆ ಮನುಷ್ಯ ಆ ಒಂದು ತಾಸಿಗಾಗಿ ತಳ್ಳುತ್ತಿದ್ದ.

ಒಂದು ದಿನ ಪ್ರಜ್ವಲ ಮುಖ ಸಣ್ಣದು ಮಾಡಿಕೊಂಡು ಬಂದ. ಮತ್ತೊಬ್ಬರು ಬಿಟ್ಟಿದ್ದರು.

"ಅಣ್ಣ, ಇನ್ನು ಒಬ್ರು ಹೋದ್ರೂ ಈ ಕ್ಲಾಸು ನಿಲ್ಲಿಸ್ಬೇಕಾಗ್ತದೆ. ನಂಗೂ ಕಷ್ಟ. ಹಾರ್ಮೋನಿಯಂನವರು ಎಷ್ಟು ಮೆತ್ತಗೆ ಮಾತಾಡ್ತಾರೆ ಗೊತ್ತುಂಟಾ?"

"ಹಾರ್ಮೋನಿಯಂಕ್ಕ ಬೈದ್ರ ಅದು ಸುಧಾರಿಸಂಗಿಲ್ಲಲಾ."

"ತಮಾಷೆ ಅಲ್ಲ. ಬರುವ ವಾರ ಮುಖದ ಫೋಟೋ ಪಾಠ. ಅದಕ್ಕೇಂತ್ಲೇ ಎಲ್ಲ ಕಾಯ್ತಾ ಇದ್ದಾರೆ. ಯಾರನ್ನಾದ್ರೂ ಕಿಟಕಿ ಹತ್ರ ಕೂರಿಸಿ, ಕ್ಯಾಮ್ ತಿರುಗಿಸಿ, ಬೆಳಕು ಹೇಗೆ ಬೀಳ್ತದೆ ಅಂತ ತೋರಿಸಿಬಿಡಿ. ಬೈಬೇಡಿ. ಅಷ್ಟೇ."

ಪ್ರಜ್ವಲನನ್ನೇ ಕೂರು ಎನ್ನಬಹುದಿತ್ತು. ಆದರೆ ರವಿವಾರ ಸಂಜೆ ಅವನು ಮಹಡಿಯಲ್ಲಿ ಸರ್ವರಿನ ಮುಂದೆ ಇರಲೇಬೇಕು. ಬೇರೆ ಯಾರು?

ಮೂವತ್ತು ವರ್ಷ ಸಾವಿರಾರು ಜನರನ್ನು ಸ್ಟೂಲಿನ ಮೇಲೆ ಕೂರಿಸಿದವನಿಗೆ ಒಂದು ಮುಖ ಬೇಕಾಯಿತು. ಗೋಡೆಯಾಚೆಯ ಮರಾಠಿ ನೆರೆಯಾಕೆ ಇಂದೂ ವಹಿನಿಯ ಬಾಗಿಲಿಗೆ ಹೋಗಿ ನಿಂತ. ಗಂಟಲು ಸರಿ ಮಾಡಿಕೊಂಡು, ಅರ್ಧ ತಾಸು ನನ್ನ ಕೋಣೆಯ ಕಿಟಕಿ ಹತ್ತಿರ ಬಂದು ಕೂರುತ್ತೀರಾ, ಫೋಟೋದ ಪಾಠವಿದೆ, ಎಂದು ಮರಾಠಿಯಲ್ಲಿ ಕೇಳಿದ. ಆಕೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮ್ಹಶೀಚಾ ಫೋಟೋ ಕಶಾಲಾ ಪಾಯಿಜೇ ಭಾವೂ?"

ಎಮ್ಮೆಯ ಫೋಟೋ ಯಾಕೆ ಬೇಕು ಅಣ್ಣ, ಎಂದು. ನಲ್ಲಿ ನೀರಿನ ಜಗಳದಲ್ಲಿ ಅಪ್ಪಾಸಾಹೇಬ ಆಕೆಯನ್ನು ಎಮ್ಮೆ ಎಂದಿದ್ದ. ಅದಾಗಿ ಎಷ್ಟೋ ಕಾಲವಾಗಿತ್ತು. ಅವನು ಮರೆತಿದ್ದ, ಆಕೆ ಮರೆತಿರಲಿಲ್ಲ. ಒಳಗಿನಿಂದ ಆಕೆಯ ಸೊಸೆ ನಕ್ಕ ಸದ್ದು ಕೇಳಿತು. ಅಪ್ಪಾಸಾಹೇಬ ತಿರುಗಿ ಬಂದ.

ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿದ್ದ ಹೆಂಡತಿಯ ತಮ್ಮ ಶಿವರಾಜನಿಗೆ ಫೋನು ಮಾಡಿದ. ದೂರವೇನಲ್ಲ, ದೌಂಡದಿಂದ ಗಾಡಿ ಹಿಡಿದರೆ ಬರಬಹುದು.

"ಏನ ಮಾಮಾ, ಸೂರ್ಯಾ ಎಲ್ಲಿ ಮೂಡ್ಯಾನ?"

"ರವಿವಾರ ಬಾ. ಒಂದ ಫೋಟೋಕ್ಕ ಕೂಡಬೇಕಾಗೇದ."

"ನಮ್ಮಕ್ಕನ ಕಡೀ ಫೋಟೋದ್ದು ಒಂದ ಪ್ರತಿ ಕೊಡ್ರಿ ಅಂತ ಎಷ್ಟ ಸಲ ಕೇಳಿದೆ. ಕೊಟ್ಟಿರಿ? ಈಗ ನನ್ನ ಮಾರಿ ಬೇಕಾತೇನು ನಿಮಗ? ಕಾರ್ಖಾನ್ಯಾಗ ಡ್ಯೂಟಿ ಅದ. ಇಡ್ತೀನಿ."

ಕೊಡಬಾರದೆಂದು ಕೊಡದೆ ಇದ್ದದ್ದಲ್ಲ. ಆ ಫೋಟೋದ ಪ್ರತಿಯನ್ನು ಅಪ್ಪಾಸಾಹೇಬ ತನಗೂ ಹಾಕಿಕೊಂಡಿರಲಿಲ್ಲ. ಫಿಲ್ಮು ತೊಳೆದು, ಒಣಗಿಸಿ, ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದ, ಅಷ್ಟೇ. ಶನಿವಾರ ಮಧ್ಯಾಹ್ನ ಆ ಡಬ್ಬಿ ತೆಗೆದ.

ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ಬಾಗದಂತೆ ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ಕಟ್ಟುತ್ತಾರೆ. ಮಣ್ಣಿನೊಳಗೂ ಕೂತೇ ಹೋಗುತ್ತಾರೆ. ಹಾಗೆ ಕೂರಿಸಿದಾಗ ಊರಿನ ಫೋಟೋದವನನ್ನು ಕರೆಸಿ ಒಂದು ಫೋಟೋ ತೆಗೆಸುವುದು ರೂಢಿ. ಎಷ್ಟೋ ಮುದುಕರ ಜೀವಮಾನದ ಒಂದೇ ಫೋಟೋ ಅದು. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕುತ್ತಾರೆ; ಮಕ್ಕಳು ಅದರ ಕೆಳಗೇ ಕೂತು ಊಟ ಮಾಡುತ್ತವೆ. ಅಪ್ಪಾಸಾಹೇಬನೂ ಅಜ್ಜನ ಅಂಥ ಫೋಟೋದ ಕೆಳಗೆ ಊಟ ಮಾಡಿ ಬೆಳೆದವನೇ.

ಶಿವಗಂಗವ್ವ ಬದುಕಿದ್ದಾಗ ಗಂಡನ ಕ್ಯಾಮೆರಾದ ಮುಂದೆ ಕೂತವಳಲ್ಲ. "ಬಿಡ್ರಿ, ರೀಲ ಯಾಕ ಹಾಳ ಮಾಡ್ತೀರಿ" ಎನ್ನುತ್ತಿದ್ದಳು. ತೀರಿಕೊಂಡ ದಿನ ಊರಿನ ಮನೆಯಲ್ಲಿ ಕೂರಿಸಿದಾಗ, ಫೋಟೋಕ್ಕೆ ಯಾರನ್ನು ಕರೆಯೋಣ ಎಂದು ಯಾರೋ ಕೇಳಿದರು. ಕರೆಸಿದರೆ ಬರುವವನು ಎದುರಿಗೆ ನಿಂತು ಫ್ಲ್ಯಾಶು ಹೊಡೆಯುತ್ತಾನೆ, ಮುಖ ಸುಣ್ಣ ಬಳಿದಂತೆ ಬಿಳಿಚುತ್ತದೆ ಎಂಬುದು ಅಪ್ಪಾಸಾಹೇಬನಿಗೆ ಗೊತ್ತಿತ್ತು. ನಾನೇ ತೆಗೆಯುತ್ತೇನೆ ಎಂದ. ಬಡಗಣ ಕಿಟಕಿಯ ಹಲಗೆ ತೆರೆಸಿದ. ಕೂರಿಸಿದ್ದ ಮಣೆಯನ್ನು ಕಿಟಕಿಯ ಕಡೆಗೆ ಸರಿಸಿರಿ ಎಂದು ಇಬ್ಬರಿಗೆ ಹೇಳಿದ. ಹೆಣ ಸರಿಸುತ್ತಾರೇನೋ, ಕೆಟ್ಟ ಮನುಷ್ಯ, ಎಂದು ಸೋದರತ್ತೆ ತಿಪ್ಪವ್ವ ಕೂಗಾಡಿದಳು. ಆ ಗದ್ದಲದಲ್ಲೇ ಶಿವರಾಜನ ಕೈಗೆ ಒಂದು ಬಿಳಿ ಧೋತರ ಕೊಟ್ಟು, ಈ ಕಡೆಯ ಕೆನ್ನೆಗೆ ಬೆಳಕು ಮರಳುವ ಹಾಗೆ ಅಗಲವಾಗಿ ಹಿಡಿ ಎಂದ. ಶಿವರಾಜ ಅಳುತ್ತಾ ಹಿಡಿದ. ಅಪ್ಪಾಸಾಹೇಬ ಒಂದೇ ಸಲ ಒತ್ತಿದ. ಅವನ ಕಣ್ಣಲ್ಲಿ ನೀರಿರಲಿಲ್ಲ, ಅದನ್ನೇ ಜನ ತಿಂಗಳುಗಟ್ಟಲೆ ಆಡಿಕೊಂಡರು.

ಫಿಲ್ಮನ್ನು ಸ್ಕ್ಯಾನು ಮಾಡಿ ತೆರೆಗೆ ತಂದ. ಕಿಟಕಿಯ ಬೆಳಕು ಒಂದು ಕೆನ್ನೆಯಿಂದ ಮೂಗಿನ ಏಣು ದಾಟಿ ಇನ್ನೊಂದು ಕೆನ್ನೆಗೆ ಮೆಲ್ಲಗೆ ಇಳಿದಿತ್ತು. ಅವನು ತೆಗೆದ ಮುಖಗಳಲ್ಲಿ ಇದಕ್ಕಿಂತ ಒಳ್ಳೆಯ ಬೆಳಕಿನ ಮುಖ ಇರಲಿಲ್ಲ. ಕೂರುವವರು ಯಾರೂ ಸಿಗದಿದ್ದರೆ ಏನಾಯಿತು, ಇದನ್ನೇ ಇಟ್ಟು ಕಲಿಸುತ್ತೇನೆ ಎಂದುಕೊಂಡ. ಹಾರ, ಮಣೆ, ಸುತ್ತಲ ಜನ ಎಲ್ಲವನ್ನೂ ಕತ್ತರಿಸಿ ಮುಖ ಮಾತ್ರ ಉಳಿಸಿದ. ಮುಚ್ಚಿಡುವುದಕ್ಕಲ್ಲ, ಮುಖದ ಪಾಠಕ್ಕೆ ಮುಖ ಸಾಕು ಎಂದು. ಇದರಲ್ಲಿ ವಿಚಿತ್ರವೇನಿದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ರವಿವಾರ ಸಂಜೆ ಎಲ್ಲರೂ ಬಂದರು. ಅಪ್ಪಾಸಾಹೇಬ ದನಿ ತಗ್ಗಿಸಿ, ಎಂದೂ ಇಲ್ಲದ ತಾಳ್ಮೆಯಿಂದ ಶುರು ಮಾಡಿದ.

"ನೋಡ್ರಿ, ಕಿಟಕಿ ಈ ಬಲಕ ಅದ. ಬಿಸಲ ನೇರ ಬರಬಾರದು, ಬರೇ ಬೆಳಕ ಬರಬೇಕು. ಎಡಕ ಒಂದ ಬಿಳೀ ಧೋತರ ಹಿಡಿಸೀನಿ. ಧೋತರ ಇರಲಿಲ್ಲ ಅಂದ್ರ ಈ ಕೆನ್ನಿ ಕತ್ತಲ್ಯಾಗ ಹೋಗ್ತಿತ್ತು. ಕಂಡತೇನು? ಈಗ ನಿಮ್ಮ ಪಾಳಿ. ನಂದೂ ತಪ್ಪಿದ್ರ ಚುಕ್ಕಿ ಇಡ್ರಿ. ನಾ ಏನ ದೇವರಲ್ಲ."

ಬೈಯದ ಸರ್ ಅವರಿಗೆ ಹೊಸಬರು. ಹುರುಪು ಬಂತು.

"ಬೆಳಕು ಎಷ್ಟ್ ಚಂದ ಉಂಟಲ್ವಾ" ಎಂದಳು ಚಿತ್ರಾ.

ಶಿವಗಂಗವ್ವನ ಬಲಗಣ್ಣಿನ ರೆಪ್ಪೆಯ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು. ಮತ್ತೊಂದು ಎಡಗಣ್ಣಿನ ಮೇಲೆ. ಗದ್ದದ ಕೆಳಗೆ ಸ್ವಲ್ಪವೇ ಉಳಿದುಕೊಂಡಿದ್ದ ಬಿಳಿ ಬಟ್ಟೆಯ ಅಂಚಿಗೆ ಒಂದು.

"ಮೂರೂ ನಂದೇ" ಎಂದಳು ಶೈಲಶ್ರೀ. "ಬೆಳಕು ಚೆನ್ನಾಗಿದೆ ಸರ್, ಒಪ್ತೀನಿ. ಆದ್ರೆ ಕಣ್ಣು ಮುಚ್ಚಿದ್ದಾರಲ್ಲ? ಕಣ್ಣು ಮುಚ್ಚಿದ ಫೋಟೋ ರಿಜೆಕ್ಟು, ಇನ್ನೊಂದು ತೆಗೀಬೇಕು ಅಂತ ನೀವೇ ಹೇಳಿದ್ದು. ನಮಗೊಂದು ರೂಲು, ನಿಮಗೊಂದಾ? ಮತ್ತೆ ಈ ಗಲ್ಲದ ಹತ್ರ ಬ್ಯಾಂಡೇಜ್ ಥರ ಏನಿದು? ಅದನ್ನ ತೆಗೆಸಬಹುದಿತ್ತಲ್ವಾ?"

"ಅಕ್ಕಾರ, ಸುಮ್ಮಿರ್ರಿ" ಎಂದ ಮಾಂತು. ಅವನ ದನಿ ಬೇರೆಯಾಗಿತ್ತು.

"ಯಾಕೆ ಸುಮ್ನಿರ್ಬೇಕು? ಸರ್ ತಾನೇ ಚುಕ್ಕೆ ಇಡಿ ಅಂದಿದ್ದು."

"ಅಕ್ಕಾರ, ನಿಮಗ ಗೊತ್ತಿಲ್ಲ, ಬಿಡ್ರಿ..."

"ಆಕೀಗ್ಯಾಕ ಸುಮ್ಮಿರು ಅಂತಿ?" ಎಂದ ಅಪ್ಪಾಸಾಹೇಬ. "ಕೇಳೂದ ಸರೀ ಕೇಳ್ಯಾರ. ಕಣ್ಣ ಮುಚ್ಚೇದ ಯಾಕಂದ್ರ ಸತ್ತಾಳ್ರಿ. ಸತ್ತವರು ಕಣ್ಣ ತಗೀತಾರೇನು? ಆ ಬಟ್ಟಿ ಬಿಚ್ಚಿದ್ರ ಕುತಗಿ ವಾಲತದ. ಇಕೀ ನನ್ನ ಹೆಂಡತಿ."

ಮಾಂತುವಿನ ಹಿಂದೆ ಕೆಫೆಯಲ್ಲಿ ಯಾರೋ ಗುಂಡು ಹಾರಿಸುತ್ತಲೇ ಇದ್ದರು. ಆಮೇಲೆ ಚಿತ್ರಾ "ಅಯ್ಯೋ ದೇವ್ರೇ" ಎಂದಳು. ಒಂದೊಂದಾಗಿ ಮೂರು ಚುಕ್ಕೆಗಳೂ ಅಳಿದವು. ಶೈಲಶ್ರೀ "ಸಾರಿ ಸರ್" ಎಂದಳೋ ಏನೋ, ಅರ್ಧ ಕೇಳಿತು. ತೆರೆಯ ಬದಿಯಿಂದ ಅವಳ ಹೆಸರು ಹೊರಟುಹೋಯಿತು.

"ಪಾಠಾ ಇನ್ನೂ ಮುಗಿದಿಲ್ಲ" ಎಂದ ಅಪ್ಪಾಸಾಹೇಬ.



ಮರುದಿನ ಪ್ರಜ್ವಲ ಬಂದು ಬಾಗಿಲಲ್ಲೇ ನಿಂತ. "ಎಂಥ ಮಾಡಿಬಿಟ್ರಿ ಅಣ್ಣ ನೀವು. ಹೆಣದ ಫೋಟೋ ಕ್ಲಾಸಿಗೆ ಹಾಕ್ತಾರಾ ಯಾರಾದ್ರೂ?"

"ಹೆಣ ಅನಬ್ಯಾಡ. ಕಪಾಳಕ್ಕ ಹೊಡೀತೀನಿ."

ಪ್ರಜ್ವಲ ತಲೆ ತಗ್ಗಿಸಿದ. ಆಮೇಲೆ, ಯಾರೂ ದೂರು ಕೊಟ್ಟಿಲ್ಲ, ಎಲ್ಲರಿಗೂ ನಿಮ್ಮ ಬಗ್ಗೆ ಪಾಪ ಅನಿಸಿದೆ ಎಂದ. ಶೈಲಶ್ರೀ ಮಾತ್ರ ಇನ್ನು ಬರುವುದಿಲ್ಲವಂತೆ. ಸರ್‌ಗೆ ಮುಖ ತೋರಿಸಲಾರೆ ಎಂದು ಬರೆದಿದ್ದಾಳಂತೆ. ಅವಳು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬರುವ ರವಿವಾರ ಒಂದು ಕ್ಲಾಸು ಮಾಡಿ, ಅಲ್ಲಿಗೆ ಮುಗಿಸೋಣ ಎಂದ.

ಆ ರವಿವಾರದ ಕ್ಲಾಸು ಅಪ್ಪಾಸಾಹೇಬನಿಗೆ ಜನ್ಮದಲ್ಲಿ ಮರೆಯದಂಥ ಕ್ಲಾಸು. ಎಲ್ಲರೂ ಮೆತ್ತಗಾಗಿದ್ದರು. ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತವರು ಮಾತಾಡುವ ಹಾಗೆ ಮಾತಾಡಿದರು. ಚಿತ್ರಾ ಎಂದಿನಂತೆ ತುಳಸಿ ಕುಂಡದ ಫೋಟೋ ಹಾಕಿದ್ದಳು. ಅಪ್ಪಾಸಾಹೇಬ ಬೇಕೆಂದೇ "ಇದರಾಗ ತುಳಸಿ ಯಾವುದು, ಕಸಾ ಯಾವುದು" ಎಂದ. "ನೀವು ಹೇಳಿದ್ದು ಸರಿ ಸರ್" ಎಂದಳು. ಮಾಂತು ತನ್ನ ಖೋಲಿಯ ಗೆಳೆಯನ ಮುಖ ಹಾಕಿದ್ದ, ಮೂಗಿಗೆ ಬೆಂಕಿ ಹತ್ತಿದಂತೆ ಬೆಳಕು. "ನಿನ್ನ ಗೆಳ್ಯಾ ಕಂದೀಲೇನೋ?" ಎಂದ. "ಹೌದ್ರಿ ಸರ, ತಪ್ಪಾಗೇದ್ರಿ" ಎಂದ ಮಾಂತು, ನಗಲಿಲ್ಲ. ಅಪ್ಪಾಸಾಹೇಬ ತನ್ನದೇ ಒಂದು ಕೆಟ್ಟ ಫೋಟೋ ಹುಡುಕಿ ಹಾಕಿ ಚುಕ್ಕೆ ಇಡಿ ಎಂದ. ಒಬ್ಬರೂ ಇಡಲಿಲ್ಲ. ಫೋಟೋ ಸ್ವಚ್ಛವಾಗಿ, ಸುಳ್ಳಾಗಿ, ತೆರೆಯ ಮೇಲೆ ನಿಂತಿತ್ತು. "ಚೆನ್ನಾಗಿದೆ ಸರ್" ಎಂದಿತು ಒಂದು ದನಿ.

ಈ ಮೂರು ವರ್ಷದಲ್ಲಿ ಖಾಲಿ ಕೋಣೆಯಲ್ಲಿ ಕೂತಾಗಲೂ ಅವನಿಗೆ ಇಷ್ಟು ಒಂಟಿ ಅನಿಸಿರಲಿಲ್ಲ.

ಹೆಡ್‌ಫೋನು ತೆಗೆದಿಟ್ಟವನೇ ಪ್ರಜ್ವಲನಿಗೆ ಫೋನು ಮಾಡಿ ಶೈಲಶ್ರೀಯ ನಂಬರು ಕೇಳಿದ. ಬೈಯುವುದಿಲ್ಲವಲ್ಲ ಎಂದು ಪ್ರಜ್ವಲ ಎರಡೆರಡು ಸಲ ಕೇಳಿಕೊಂಡ. ನಂಬರು ಒತ್ತಿದ ಮೇಲೆ ಏನು ಹೇಳಬೇಕು ಎಂಬುದು ಅಪ್ಪಾಸಾಹೇಬನಿಗೆ ಗೊತ್ತಿರಲಿಲ್ಲ. ಕ್ಷಮೆ ಕೇಳುವುದಂತೂ ಅವನ ವಂಶದಲ್ಲೇ ಯಾರಿಗೂ ಬರುತ್ತಿರಲಿಲ್ಲ.

"ನಾ ಅಪ್ಪಾಸಾಹೇಬ. ಪುಣೆದಿಂದ."

"ಸರ್... ಸರ್, ನನಗೆ ಗೊತ್ತಿರ್ಲಿಲ್ಲ. ನಾನು ಹಾಗೆಲ್ಲ..."

"ಅದಿರಲಿ. ಆ ಫೋಟೋ ಇನ್ನೂ ನಿಮ್ಮ ಕಂಪ್ಯೂಟರದಾಗ ಅದ ಏನು?"

"ಇದೆ. ಆದ್ರೆ ನೋಡಿಲ್ಲ."

"ನೋಡ್ರಿ. ಕಣ್ಣಿಂದ ಬಿಡ್ರಿ, ಬಟ್ಟೀದ ಬಿಡ್ರಿ. ಮತ್ತೇನ ತಪ್ಪದ ಹೇಳ್ರಿ."

"ಸರ್, ಪ್ಲೀಸ್. ನನ್ನ ಕೈಲಿ ಆಗಲ್ಲ."

"ಯಾಕ ಆಗಂಗಿಲ್ಲ? ನಿಮ್ಮ ಶಾಲ್ಯಾಗ ಒಂದ ಹುಡುಗನ ಅವ್ವ ಸತ್ತಳು ಅಂತ ಅವನ ತಪ್ಪ ಲೆಕ್ಕಾಕ್ಕ ಸರಿ ಅಂತ ಗೀಟ ಹೊಡೀತೀರೇನು?"

"ಇಲ್ಲ ಸರ್."

"ಫೋಟೋ ನೋಡ್ರಿ ಬಾಯಾರ, ನನ್ನ ಮಾರಿ ನೋಡಬ್ಯಾಡ್ರಿ. ನನ್ನ ಮಾರಿ ನೋಡಿ ಮಾತಾಡವರು ಇಲ್ಲೇ ಭಾಳ ಅದಾರ."

ಆ ಕಡೆ ಕುರ್ಚಿ ಸರಿದ ಸದ್ದು. ಮೌಸಿನ ಸದ್ದು. ಅವಳು ಮಾತಾಡಿದಾಗ ದನಿ ಮೊದಲು ತಡವರಿಸಿತು, ಆಮೇಲೆ ಕ್ಲಾಸಿನ ದನಿಗೆ ಬಂತು.

"ಧೋತರ ಸ್ವಲ್ಪ ಹತ್ರ ಆಗಿದೆ ಸರ್. ಎಡಗೆನ್ನೆ ಚಪ್ಪಟೆ ಕಾಣುತ್ತೆ. ಇನ್ನೊಂದಡಿ ದೂರ ಹಿಡಿದಿದ್ರೆ ಮುಖಕ್ಕೆ ಗುಂಡಗೆ ಆಕಾರ ಬರ್ತಿತ್ತು."

"ಹಿಡಿದಾವ ಆಕೀ ತಮ್ಮ. ಅಳ್ಕೋತ ಹಿಡಿದಿದ್ದ."

"ಅದು ಫೋಟೋದಲ್ಲಿ ಕಾಣಲ್ಲ."

ಅಪ್ಪಾಸಾಹೇಬನ ಮೀಸೆ ಅಲುಗಿತು. "ಮುಂದ?"

"ಮತ್ತೆ ಕ್ಯಾಮೆರಾ ಮೇಲಿದೆ. ನೀವು ನಿಂತ್ಕೊಂಡು ತೆಗೆದಿದ್ದೀರಿ. ಹಣೆ ದೊಡ್ಡದಾಗಿ, ಗಲ್ಲ ಸಣ್ಣದಾಗಿ ಬಂದಿದೆ. ಕೂತವರ ಮಟ್ಟಕ್ಕೆ ಕ್ಯಾಮೆರಾ ಇಳಿಸ್ಬೇಕು ಅಂತ ನೀವೇ ಹೇಳಿದ್ರಿ."

"ಕೂಡ್ಲಿಕ್ಕ ಜಾಗಾ ಇರಲಿಲ್ರಿ. ಮಂದಿ ತುಂಬಿತ್ತು."

"ಮಂದಿನ ಸರಿಸಬಹುದಿತ್ತು. ನೀವು ಸರಿಸದೇ ಇರೋರಾ?"

ಅವನಿಗೆ ಸಿಟ್ಟು ನೆತ್ತಿಗೇರಿತು. ನಿಮಗೇನು ಗೊತ್ತು, ಅಲ್ಲಿ ನೀವಿದ್ದಿರೇನು, ಮೂವತ್ತು ವರ್ಷದ ಕೈ ಇದು, ಎಂದು ಕೂಗಿದ. ಅವಳೂ ಬಿಡಲಿಲ್ಲ. ಮೂವತ್ತು ವರ್ಷ ಆದ್ರೆ ಮೊಣಕಾಲು ಬಗ್ಗಲ್ವಾ ಎಂದಳು. ಇಬ್ಬರೂ ಒಟ್ಟಿಗೇ ಮಾತಾಡಿ, ಒಬ್ಬರದು ಒಬ್ಬರಿಗೆ ಕೇಳದೆ, ಕಡೆಗೆ ಇಬ್ಬರೂ ಒಟ್ಟಿಗೇ ಮಾತು ನಿಲ್ಲಿಸಿದರು. ಇಂದೂ ವಹಿನಿಯ ಮನೆಯ ಟಿವಿಯ ಸದ್ದು ಗೋಡೆಯಾಚೆ ತಗ್ಗಿತ್ತು. ಅವರು ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ.

"ಖರೆ ಅದ" ಎಂದ ಅಪ್ಪಾಸಾಹೇಬ. "ಎತ್ತರ ಆಗೇದ. ನನಗ ಅವತ್ತಽ ಗೊತ್ತಿತ್ತು. ಬಗ್ಗಿದ್ರ ಕ್ಯಾಮೆರಾ ಹಿಡಿಯೂದು ಆಗ್ತಿರಲಿಲ್ಲ."

ಅವಳು ಅದಕ್ಕೆ ಅಯ್ಯೋ ಎನ್ನಲಿಲ್ಲ. ಅದೊಂದು ಉಪಕಾರ ಮಾಡಿದಳು. ಕೇಳಿದಳು, "ಭಾನುವಾರ ಪೋರ್ಟ್ರೇಟ್ ಪಾಠ ಪೂರ್ತಿ ಮಾಡ್ತೀರಾ?"

"ನೀವು ಬಂದ್ರ ಕ್ಲಾಸ ನಡೀತದ. ಇಲ್ಲಾಂದ್ರ ಬಂದ್ ಆಗ್ತದ."

"ಬರ್ತೀನಿ. ಆದ್ರೆ ಈ ಸಲ ಕಣ್ಣು ಬಿಟ್ಟಿರೋರು ಬೇಕು."

"ಯಾರೂ ಸಿಗಂಗಿಲ್ರಿ. ಎಲ್ಲಾರ ಕೂಡ ಜಗಳಾಡೀನಿ."

"ನೀವೇ ಕೂತ್ಕೊಳ್ಳಿ."

"ಫೋಟೋ ತಗಿಯಾವ ಕೂತ್ರ ಹೇಳಿಕೊಡಾವ ಯಾರು?"

"ನಾವು ಹೇಳ್ತೀವಿ. ನೀವು ಬರೀ ಕೂತಿರಿ. ಬಾಯಿ ಮುಚ್ಕೊಂಡು."

ರವಿವಾರ ಅಪ್ಪಾಸಾಹೇಬ ವೆಬ್‌ಕ್ಯಾಮನ್ನು ಸ್ಟ್ಯಾಂಡಿಗೆ ಕಟ್ಟಿ, ಕಿಟಕಿಯ ಬದಿಗೆ ಸ್ಟೂಲು ಹಾಕಿ, ತಾನೇ ಕೂತ. ಜೀವಮಾನದಲ್ಲಿ ಆ ಸ್ಟೂಲಿನ ಈ ಬದಿಗೆ ಕೂತವನಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ತೆರೆಯ ಮೇಲೆ ಅವನದೇ ಮುಖ, ಬೆಳಕಿನಲ್ಲಿ ಅರ್ಧ, ಕತ್ತಲೆಯಲ್ಲಿ ಅರ್ಧ. ಯಾವನೋ ಸಿಡುಕ ಮುದುಕ.

"ಮಾಂತು, ನೀನು ಮೊದಲು ಹೇಳು" ಎಂದಳು ಶೈಲಶ್ರೀ.

"ಸರ, ಸ್ವಲ್ಪ ಕಿಟಕಿ ಕಡೆ ತಿರುಗ್ರಿ. ಅಷ್ಟಲ್ರಿ. ಹಾಂ. ಈಗ ಗದ್ದಾ ಕೆಳಗ."

"ಗದ್ದಾ ಕೆಳಗ ಮಾಡಿದ್ರ ಮೂಗು..."

"ಸರ್, ಮಾತಾಡ್ಬೇಡಿ. ಅಲುಗಾಡ್ತೀರಿ."

ಹುಬ್ಬಿನ ಗಂಟಿನ ಮೇಲೆ ಒಂದು ಚುಕ್ಕೆ ಬಿತ್ತು. ಚಿತ್ರಾಳದು. "ಅಲ್ಲಿ ಸ್ವಲ್ಪ ಸಡಿಲ ಬಿಡಿ ಸರ್" ಎಂದಳು, ಮೆತ್ತಗೆಯೇ, ಆದರೆ ಹೆದರಿ ಅಲ್ಲ. ಎಡಗೆನ್ನೆ ಕತ್ತಲಾಗಿದೆ ಎಂದು ಮತ್ತೊಂದು ಬಿತ್ತು. ಎದ್ದು ಥರ್ಮಾಕೋಲಿನ ಹಲಗೆ ತಂದು ಒರಗಿಸಿದ. ಹತ್ತಿರವಾಯಿತು, ದೂರ ಇಡಿ ಎಂದರು. ದೂರವಾಯಿತು ಎಂದರು. ಮಾಂತು ತಾನು ಹೇಳಿದ್ದೇ ಸರಿ ಎಂದ, ಶೈಲಶ್ರೀ ಅಲ್ಲ ಎಂದಳು, ಇಬ್ಬರೂ ಕಚ್ಚಾಡಿದರು. ಅಪ್ಪಾಸಾಹೇಬ ನಡುವೆ ಬಾಯಿ ಹಾಕಲು ಹೋಗಿ ಬೈಸಿಕೊಂಡ. ಅವರ ಒಂದು ಮಾತು ತಪ್ಪಿತ್ತು, ಉಳಿದವು ಸರಿಯಿದ್ದವು. ಅಷ್ಟು ಜನ ಒಟ್ಟಿಗೆ ತನ್ನ ಮುಖವನ್ನೇ ನೋಡಿದ್ದು ಅವನಿಗೆ ನೆನಪಿರಲಿಲ್ಲ. ನೋಡುತ್ತಿದ್ದಾರೆ ಎಂಬುದು ಕೆನ್ನೆಗೆ ಬಿಸಿ ತಾಗಿದಂತೆ ತಿಳಿಯುತ್ತಿತ್ತು. ಕಣ್ಣು ಉರಿದವು. ಬೆಳಕು ಚುಚ್ಚುತ್ತಿದೆ ಎಂದು ಸುಳ್ಳು ಹೇಳಿದ.

ತಾಸು ಮುಗಿಯಿತು. ಚಿತ್ರಾ ಒಲೆಯ ಮೇಲೆ ಸಾರು ಇಟ್ಟಿದ್ದೇನೆಂದು ಹೋದಳು. ಉಳಿದವರೂ ಹೋದರು. ಶೈಲಶ್ರೀ "ಮುಂದಿನ ವಾರ ಗಡ್ಡ ಬೋಳಿಸ್ಕೊಂಡು ಕೂತ್ಕೊಳ್ಳಿ ಸರ್" ಎಂದು ಹೋದಳು. ಮಾಂತು ಮಾತ್ರ ಉಳಿದಿದ್ದ.

"ಸರ, ಒಂದ ಮಾತ. ನಮ್ಮ ಅವ್ವನ್ನೂ ಹಂಗಽ ಕುಂಡ್ರಿಸಿ ತಗಿಸೀವ್ರಿ. ಫ್ಲ್ಯಾಶ್ ಹೊಡೆದಾರ. ಮಾರೀನಽ ಗುರತ ಸಿಗಂಗಿಲ್ಲ. ನಿಮ್ಮದು ನೋಡಿ ನಾ..."

ಕೆಫೆಯಲ್ಲಿ ಅವನ ಹೊತ್ತು ಮುಗಿದಿರಬೇಕು. ದನಿ ನಡುವೆಯೇ ಕಡಿದು, ಗುಂಡಿನ ಸದ್ದೂ ನಿಂತಿತು.

ಅಪ್ಪಾಸಾಹೇಬ ಹೆಡ್‌ಫೋನು ತೆಗೆಯಲಿಲ್ಲ. ತೆರೆಯ ಬದಿಯಲ್ಲಿ ಯಾರ ಹೆಸರೂ ಉಳಿದಿರಲಿಲ್ಲ, ನಡುವೆ ಅವನ ಮುಖ ಇನ್ನೂ ಇತ್ತು. ಹೊರಗೆ ಕಾತ್ರಜದ ಗುಡ್ಡದ ಕಡೆ ಹೊತ್ತು ಇಳಿಯುತ್ತಿತ್ತು. ಕೆನ್ನೆಯ ಮೇಲಿದ್ದ ಬೆಳಕು ಹಿಂದೆ ಸರಿಯುವುದನ್ನು ಅವನು ನೋಡುತ್ತಾ ಇದ್ದ. ಮೊದಲು ಕಿವಿ ಹೋಯಿತು, ಆಮೇಲೆ ಗದ್ದ. ಈ ಬೆಳಕಿನಲ್ಲಿ ಫೋಟೋ ತೆಗೆಯುವುದಾದರೆ ಶಟರನ್ನು ತುಂಬ ಹೊತ್ತು ತೆರೆದಿಡಬೇಕು, ಅಷ್ಟು ಹೊತ್ತೂ ಕೂತವರು ಅಲುಗಾಡಬಾರದು ಎಂದು ಕೈ ರೂಢಿಯಿಂದ ಲೆಕ್ಕ ಹಾಕಿತು. ಅವನು ಅಲುಗಾಡದೆ ಕೂತ.